ಗಟ್ಟಿ ಮರದ ಗಟ್ಟಿಮೇಳ

ನಮ್ಮ ಊರಿನವರಿಗೆ ಮದುವೆ ಎಂದರೆ ಟೆಂಪೋ ಹೋಗುವುದು, ಟೆಂಪೋ ಬರುವುದು. ಬೆಳಿಗ್ಗೆ ಹೂ ಮುಡಿದು ಹೊಸ ಸೀರೆ ಉಟ್ಟವರು ಹತ್ತಿಕೊಂಡು ಹೊಳೆಯಾಚೆಯ ಊರಿಗೆ ಹೋಗುತ್ತಿದ್ದರು, ಸಂಜೆ ತಾಂಬೂಲದ ಚೀಲ ಹಿಡಿದು ಇಳಿಯುತ್ತಿದ್ದರು. ಟೆಂಪೋದಲ್ಲಿ ಜಾಗ ಸಿಗದವರು ಇಳಿದವರ ಬಾಯಿಂದ ಮದುವೆಯ ಸುದ್ದಿ ಕೇಳಿ ತೃಪ್ತಿಪಡಬೇಕು. ನನ್ನ ಅಕ್ಕನ ಮದುವೆಯನ್ನು ನಾನು ಹಾಗೆ ಕೇಳಿಯೇ ತಿಳಿದೆ. ಅವತ್ತು ಮನೆಯಲ್ಲಿ ಅಜ್ಜಿಯ ಜೊತೆ ಯಾರಾದರೂ ಇರಬೇಕಿತ್ತು, ಆ ಯಾರಾದರೂ ನಾನಾದೆ. ಪಾಯಸದ ರುಚಿ, ಬೀಗರ ಜಂಬ, ಅಕ್ಕ ಅತ್ತದ್ದು, ಎಲ್ಲವನ್ನೂ ಬಂದವರು ಹೇಳಿದರು. ನಾನು ಹೂಂಗುಟ್ಟಿದೆ.

ಊರೊಳಗೆ ಮದುವೆ ಮಾಡದಿರಲು ಕಾರಣ ಇಷ್ಟೇ. ನಮ್ಮಲ್ಲಿ ಟೊಳ್ಳಾದ ಯಾವ ವಸ್ತುವೂ ಸದ್ದು ಮಾಡುವುದಿಲ್ಲ. ಡೋಲು ಬಡಿದರೆ ಕೈ ನೋಯುತ್ತದೆ, ಅಷ್ಟೆ. ಕೊಳಲು ಊದಿದರೆ ಗಾಳಿ ಆಚೆ ಹೋಗುತ್ತದೆ. ಅಡುಗೆಗೆ ನಿಂತ ಹೆಂಗಸರು ಕುಕ್ಕರಿನ ಆವಿ ಎಷ್ಟು ಸಲ ಹಾರಿತೆಂದು ಕಣ್ಣಲ್ಲಿ ನೋಡಿ ಒಲೆ ಆರಿಸುತ್ತಾರೆ. ಸೈಕಲ್ಲಿನವರು ಬೆಲ್ಲಿನ ಬದಲು 'ಬದಿ, ಬದಿ' ಎಂದು ಕೂಗುತ್ತಾ ಸಾಗುತ್ತಾರೆ. ಗುಡಿಯಲ್ಲಿ ಗಂಟೆ ಇರುವ ಜಾಗಕ್ಕೆ ರೈಲು ಕಂಬಿಯ ತುಂಡು ನೇತು ಹಾಕಿದ್ದಾರೆ, ಅದನ್ನು ಬಡಿದರೆ ದೇವರಿಗೂ ನಮಗೂ ಕೇಳಿಸುತ್ತದೆ. ರೇಡಿಯೋ ಕೊಂಡವರು ಮೊದಲು ಅದರ ಪೆಟ್ಟಿಗೆ ಕಿತ್ತು, ಸ್ಪೀಕರನ್ನು ಬೋಳು ಹಲಗೆಗೆ ಮೊಳೆ ಹೊಡೆದು ಕೂರಿಸುತ್ತಾರೆ. ಮನುಷ್ಯನ ಗಂಟಲೂ ಟೊಳ್ಳೇ ಅಲ್ಲವೇ ಎಂದು ಹೊರಗಿನವರು ಕೇಳುವುದುಂಟು. ನಮಗೆ ಹಾಗೆ ಕೇಳಬೇಕೆಂದು ಅನ್ನಿಸಿಲ್ಲ. ಮಾತಾಡುತ್ತೇವೆ, ಹಾಡುತ್ತೇವೆ, ಜಗಳ ಆಡುತ್ತೇವೆ.

ಆದರೆ ಮದುವೆಗೆ ಗಟ್ಟಿಮೇಳ ಬೇಕು. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಬೆರಳೆತ್ತಿದ ಕೂಡಲೇ ನಾದಸ್ವರ, ಡೋಲು ಎರಡೂ ಒಟ್ಟಿಗೆ ಮೊರೆಯಬೇಕು. ಯಾರಾದರೂ ಸೀನಿದ್ದು, ಅತ್ತದ್ದು, ಕೆಟ್ಟದ್ದಾಡಿದ್ದು ಯಾವುದೂ ಆ ಹೊತ್ತಿನಲ್ಲಿ ಕಿವಿಗೆ ಬೀಳಬಾರದು. ಆ ಸದ್ದಿಲ್ಲದೆ ಕಟ್ಟಿದ ತಾಳಿಯನ್ನು ಯಾವ ಬೀಗರೂ ಒಪ್ಪುವುದಿಲ್ಲ. ಹಾಗಾಗಿ ತಲೆಮಾರುಗಳಿಂದ ನಮ್ಮ ಹುಡುಗಿಯರ ಕೊರಳಿಗೆ ತಾಳಿ ಬಿದ್ದದ್ದೆಲ್ಲ ಹೊಳೆಯಾಚೆಯೇ. ಅಲ್ಲಿನವರು ನಮ್ಮನ್ನು ಕರೆಯುವುದು ಮೂಕೂರಿನವರು ಎಂದು.

ನನ್ನ ಹೆಸರು ಅಲಮೇಲು. ಅಪ್ಪ ಬಿಟ್ಟುಹೋದ ಮೋಟಾರ್ ವೈಂಡಿಂಗ್ ಅಂಗಡಿಯನ್ನು ನಾನೇ ನಡೆಸುತ್ತೇನೆ. ಸುಟ್ಟ ಪಂಪು, ನಿಂತ ಫ್ಯಾನು, ಮಿಕ್ಸಿ, ಎಲ್ಲದರ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವುದು ನನ್ನ ಕೆಲಸ. ಹೊಳೆಯಾಚೆಯಿಂದಲೂ ಕೆಲಸ ಬರುತ್ತಿತ್ತು. ಹಾಗೆ ಬಂದವರಲ್ಲಿ ಯತಿರಾಜ ಒಬ್ಬರು. ಅವರದು ಮೈಕ್ ಸೆಟ್ಟಿನ ಬಾಡಿಗೆ ವ್ಯಾಪಾರ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಒಮ್ಮೆ ತಂದರು. ಸರಿ ಮಾಡಿಕೊಟ್ಟೆ. ಮತ್ತೆ ತಂದರು. ಮೂರನೆಯ ಸಲ ತಂದಾಗ ಅದರಲ್ಲಿ ಸುಟ್ಟದ್ದು ಏನೂ ಇರಲಿಲ್ಲ.

"ಇದು ಚೆನ್ನಾಗೇ ಇದೆಯಲ್ಲ," ಅಂದೆ.

"ಹೌದು. ನೀವೇನು ಹೇಳ್ತೀರೋ ಅಂತ ತಂದೆ," ಅಂದರು.

ಅಮ್ಮ ಒಳಗಿನಿಂದಲೇ, "ಕಾಫಿ ಕುಡೀತಾರಾ ಕೇಳೇ," ಅಂದಳು. ಅಲ್ಲಿಗೆ ನಮ್ಮ ಮದುವೆಯ ಮಾತು ಶುರುವಾಯಿತು.

ಯತಿರಾಜರ ತಂದೆ ಮುನಿವೆಂಕಟಪ್ಪನವರು ನಾದಸ್ವರದ ವಿದ್ವಾಂಸರು. ಆ ಸೀಮೆಯಲ್ಲಿ ಅವರು ಊದದ ಮದುವೆಯನ್ನು ಜನ ಎರಡನೇ ದರ್ಜೆಯದು ಎಂದೇ ತಿಳಿಯುತ್ತಿದ್ದರು. ಹುಡುಗಿ ನೋಡುವ ಶಾಸ್ತ್ರಕ್ಕೂ ಅವರು ನಮ್ಮ ಊರಿಗೆ ಬರಲಿಲ್ಲ, ನಾವೇ ಅವರ ಮನೆಗೆ ಹೋದೆವು. ಪ್ರಾಯದಲ್ಲಿ ಒಮ್ಮೆ ಅವರು ಹಟ ಹಿಡಿದು ನಮ್ಮ ಊರಿನ ಚಾವಡಿಯಲ್ಲಿ ಊದಲು ಬಂದಿದ್ದರಂತೆ. ಕೆನ್ನೆ ಉಬ್ಬಿ, ಕಣ್ಣು ಕೆಂಪಾಗಿ, ಬೆರಳು ಓಡುತ್ತಿದ್ದರೂ ಎಳ್ಳಷ್ಟೂ ಸದ್ದಿಲ್ಲ. ಎದುರಿಗೆ ಕೂತ ಮಕ್ಕಳು ಮೊದಲು ನಕ್ಕವಂತೆ, ಆಮೇಲೆ ದೊಡ್ಡವರು. ಅವತ್ತಿನಿಂದ ಅವರು ಹೊಳೆಯ ಸೇತುವೆ ದಾಟಿರಲಿಲ್ಲ.

ಅವರು ನನ್ನನ್ನು ಒಪ್ಪಿದರು. ಛತ್ರದ ಹೆಸರು, ತಿಂಗಳು, ಎಲ್ಲ ಮಾತಾಗಿ, ಎಲೆ ಅಡಿಕೆ ತಟ್ಟೆ ಇನ್ನೇನು ಕೈ ಬದಲಾಗಬೇಕು, ಆಗ ನನ್ನ ಬಾಯಿಂದ ಮಾತು ಬಂದೇ ಬಿಟ್ಟಿತು.

"ಮದುವೆ ನಮ್ಮೂರಲ್ಲಿ ಆಗಬೇಕು."

ಅಮ್ಮ ನನ್ನ ತೊಡೆ ಚಿವುಟಿದಳು. ಮುನಿವೆಂಕಟಪ್ಪನವರು ಸಿಟ್ಟಾಗಲಿಲ್ಲ. "ಯಾಕಮ್ಮ?" ಎಂದು ಮೆಲ್ಲಗೆ ಕೇಳಿದರು.

"ನಮ್ಮ ಬೀದೀಲಿ ಮದುವೆ ನೋಡದೇ ಇರೋ ಮುದುಕೀರಿದಾರೆ. ತಮ್ಮ ಮದುವೆ ಬಿಟ್ಟು ಬೇರೆ ಮದುವೆ ನೋಡಿಲ್ಲ. ನಮ್ಮಜ್ಜಿ ಅಕ್ಕನ್ನ ಕೈಯಾರೆ ಸಾಕಿದ್ಲು, ಅವಳ ಧಾರೆ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ."

"ಗಟ್ಟಿಮೇಳ ಯಾರು ಮಾಡ್ತಾರೆ ತಾಯಿ?"

ಯತಿರಾಜ ನಡುವೆ ಬಾಯಿ ಹಾಕಿದರು. "ಅಪ್ಪ, ನಿಮ್ಮ ನಾದಸ್ವರಾನ ಇಲ್ಲೇ ಟೇಪ್ ಮಾಡ್ಕೊಂಡು ಹೋಗಿ, ಅಲ್ಲಿ ಹಲಗೆ ಸ್ಪೀಕರಿನಲ್ಲಿ ಹಾಕಿದ್ರಾಯ್ತಲ್ಲ."

"ಗಟ್ಟಿಮೇಳ ಅನ್ನೋದು ಆ ಗಳಿಗೆಗೆ ಹುಟ್ಟಬೇಕು ಕಣೋ. ಜಾಡಿಯಿಂದ ತೆಗೆದು ಬಡಿಸೋಕೆ ಉಪ್ಪಿನಕಾಯಿ ಅಲ್ಲ." ಅವರು ನನ್ನ ಕಡೆ ತಿರುಗಿದರು. "ನಿಮ್ಮೂರಲ್ಲಿ ಕೂತು, ಪುರೋಹಿತರ ಬೆರಳು ನೋಡಿ, ಒಬ್ಬ ಮನುಷ್ಯ ತನ್ನ ಕೈಯಲ್ಲಿ ಸ್ವರ ಎಬ್ಬಿಸಲಿ. ಅವತ್ತು ನಾನೇ ಬಂದು ಮುಂದೆ ಕೂತ್ಕೋತೀನಿ. ಇಲ್ಲಾಂದ್ರೆ ಮದುವೆ ಇಲ್ಲಿ. ಅದೂ ಬೇಡಾಂದ್ರೆ ಮದುವೇನೇ ಬೇಡ."

ತಟ್ಟೆ ಮಧ್ಯದಲ್ಲೇ ಉಳಿಯಿತು. ವಾಪಸು ಬರುವಾಗ ಅಮ್ಮ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಯತಿರಾಜ ಮಾತ್ರ ಕೈಬಿಡಲಿಲ್ಲ. ಆ ವಾರ ಅವರು ಮೈಕ್ ಹಾಕಿದ್ದ ಆರ್ಕೆಸ್ಟ್ರಾಕ್ಕೆ ನನ್ನನ್ನು ಕರೆದುಕೊಂಡು ಹೋದರು. ವೇದಿಕೆಯ ಹಿಂದೆ ನಿಂತು, ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದವನನ್ನು ತೋರಿಸಿ, "ಅದಕ್ಕೆ ಹೊಟ್ಟೆ ಇಲ್ಲ ನೋಡಿ," ಅಂದರು. ನಿಜ. ವೀಣೆಗೆ ಕೊಡ, ತಂಬೂರಿಗೆ ಬುರುಡೆ ಇರುತ್ತದೆ. ಇದು ಬರೀ ಮಣೆ. ತಂತಿ ಅಲುಗಿದ್ದನ್ನು ಕೆಳಗೆ ಕೂತ ಒಂದು ಅಯಸ್ಕಾಂತದ ಸುರುಳಿ ಹಿಡಿದು, ವೈರಿನಲ್ಲಿ ಆಂಪ್ಲಿಫೈಯರಿಗೆ ಕಳಿಸುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಆ ಸುರುಳಿಯನ್ನು ಹತ್ತಿರದಿಂದ ನೋಡಿದೆ. ನನ್ನ ಜೀವಮಾನವೆಲ್ಲ ಸುತ್ತಿದ್ದು ಇದನ್ನೇ, ಇಷ್ಟು ಚಿಕ್ಕದಾಗಿ ಸುತ್ತಿರಲಿಲ್ಲ ಅಷ್ಟೆ.

ಗಿಟಾರಿನವನು ಅದನ್ನು ಎರವಲು ಕೊಡಲು ಒಪ್ಪಲಿಲ್ಲ. ಅವನ ಹೊಟ್ಟೆಪಾಡು, ತಪ್ಪೇನಿಲ್ಲ. ಅಳತೆ ತೆಗೆದುಕೊಳ್ಳಲು ಬಿಟ್ಟ. ನನ್ನ ಸೆರಗಿನ ಅಂಚಿನ ಮೇಲೆ ಪೆನ್ನಿನಿಂದ ಗೆರೆ ಹಾಕಿಕೊಂಡೆ.

"ನೀನು ಮಾಡ್ತೀಯಾ ಇದನ್ನ?" ಯತಿರಾಜ ನನ್ನನ್ನು ಮೊದಲ ಸಲ ಏಕವಚನದಲ್ಲಿ ಕೇಳಿದ್ದು ಆವಾಗಲೇ.

"ಮಾಡ್ತೀನಿ," ಅಂದೆ. ಹೇಗೆಂದು ಗೊತ್ತಿರಲಿಲ್ಲ.

ಮರದ ಕೆಲಸಕ್ಕೆ ನಮ್ಮ ಬೀದಿಯ ಬಡಗಿ ಮೌನೇಶಾಚಾರ್ರನ್ನು ಹಿಡಿದೆ. ಬಾಗಿಲು, ಮಂಚ, ತೊಟ್ಟಿಲು ಮಾಡಿದ ಕೈ. ಸೆರಗಿನ ಗೆರೆ ನೋಡಿ, "ಇದೇನಮ್ಮ, ಈಳಿಗೆ ಮಣೆಗೆ ಬಾಲ ಬಂದ ಹಂಗಿದೆ," ಅಂದರು. ಆದರೂ ಹಲಸಿನ ಹಲಗೆ ಆರಿಸಿ ಮೈ ಕೊಯ್ದರು, ಸಾಗುವಾನಿಯಲ್ಲಿ ಕತ್ತು ಕೆತ್ತಿದರು. ಕತ್ತಿನ ಮೇಲೆ ಬೆರಳಿಡುವ ಮೆಟ್ಟಿಲುಗಳಿಗೆ ಸೈಕಲ್ಲಿನ ಕಡ್ಡಿ ಕತ್ತರಿಸಿ ಕೂರಿಸಿದೆ. ತಂತಿಗಳು ಹೊಳೆಯಾಚೆಯ ವೀಣೆ ಅಂಗಡಿಯವು. ಮೊದಲ ಸಲ ತಂತಿ ಬಿಗಿದಾಗ ಕತ್ತು ಬಿಲ್ಲಿನ ಹಾಗೆ ಬಾಗಿ, ನಾವು ನೋಡುತ್ತಿದ್ದಂತೆಯೇ ಸೀಳಿತು. ಆಚಾರ್ರು ಅದನ್ನು ಒಲೆಗೆ ಹಾಕಿ, ಇನ್ನೊಂದು ಕೆತ್ತಿ, ಅದರ ನಡುವೆ ಕಬ್ಬಿಣದ ಸಲಾಕೆ ಹೂತು ಅರಗು ಹಾಕಿ ಮುಚ್ಚಿದರು. ಅದು ತಡೆಯಿತು.

ಸುರುಳಿ ನನ್ನ ಪಾಲಿನದು. ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಉಸಿರು ಜೋರಾಗಿ ಬಿಟ್ಟರೆ ತುಂಡಾಗುವಂಥದ್ದು. ಪಂಪಿನ ವೈಂಡಿಂಗಿನಲ್ಲಿ ಬಲ ಹಾಕಿ ಎಳೆದು ಅಭ್ಯಾಸವಾದ ಕೈ ನನ್ನದು. ಈಗ ಆ ಕೈಗೆ ಬಲವನ್ನೆಲ್ಲ ಮರೆಸಬೇಕಿತ್ತು. ತುಂಡಾಯಿತು, ಬಿಚ್ಚಿದೆ, ಮತ್ತೆ ಸುತ್ತಿದೆ. ಅಂಗಡಿಗೆ ಬಂದವರು ತಮ್ಮ ಮಿಕ್ಸಿ ಎಲ್ಲಿಗೆ ಬಂತು ಎಂದು ಕೇಳಿ, ನನ್ನ ಮುಖ ನೋಡಿ, ಸುಮ್ಮನೆ ಹೋಗುತ್ತಿದ್ದರು. ಅಮ್ಮ ಮಾತು ಶುರು ಮಾಡಿದ್ದಳು, ಆದರೆ ಅದೆಲ್ಲ ಬೈಗುಳವೇ. "ಆ ಮನುಷ್ಯ ಒಳ್ಳೇ ರೀತೀಲಿ ಒಪ್ಪಿದ್ದ. ಇವಳಿಗೆ ಊರಲ್ಲೇ ಆಗಬೇಕಂತೆ, ಮಹಾರಾಣಿ."

ಕಡೆಗೆ ಎಲ್ಲ ಜೋಡಿಸಿದ ದಿನ ಆಚಾರ್ರು ಬಂದು ಕೂತರು, ಯತಿರಾಜ ಆಂಪ್ಲಿಫೈಯರ್ ತಂದು ಹಲಗೆ ಸ್ಪೀಕರಿಗೆ ಸೇರಿಸಿದರು. ಮಣೆಗೆ ಮೆರುಗೆಣ್ಣೆ ಹಚ್ಚಿ, ಸುರುಳಿಯ ಸುತ್ತ ಹಿತ್ತಾಳೆಯ ತಗಡು ಕೂರಿಸಿ, ನೋಡಲು ಲಕ್ಷಣವಾಗಿತ್ತು. ಕರಟದ ಚೂರೊಂದನ್ನು ಉಜ್ಜಿ ನಯ ಮಾಡಿ ಅದರಿಂದ ತಂತಿ ಮೀಟಿದೆ.

ಏನೂ ಇಲ್ಲ.

ಸ್ಪೀಕರ್ ಗುಂಯ್ ಎನ್ನುತ್ತಿತ್ತು, ಅಂದರೆ ಕರೆಂಟು ಬರುತ್ತಿತ್ತು. ತಂತಿ ಕಣ್ಣಿಗೆ ಕಾಣುವಂತೆ ನಡುಗುತ್ತಿತ್ತು. ಸ್ವರ ಮಾತ್ರ ಹುಟ್ಟುತ್ತಿರಲಿಲ್ಲ. ಸುರುಳಿಯ ತಪ್ಪೆಂದು ಬಿಚ್ಚಿ ಹೊಸದಾಗಿ ಸುತ್ತಿದೆ. ಆಗಲಿಲ್ಲ. ಅಯಸ್ಕಾಂತ ಬದಲಾಯಿಸಿದೆ. ಆಗಲಿಲ್ಲ. ಅದನ್ನೇ ಸೇತುವೆ ದಾಟಿಸಿ ಯತಿರಾಜರ ಮನೆಯಲ್ಲಿ ಮೀಟಿದರೆ ಕಿಟಕಿ ನಡುಗುವಷ್ಟು ಸದ್ದು. ಅಲ್ಲಿ ಸದ್ದು ಬಂದದ್ದೇ ನನಗೆ ಹೆಚ್ಚಿನ ಸಂಕಟವಾಯಿತು. ಒಳಕೋಣೆಯಲ್ಲಿದ್ದ ಮುನಿವೆಂಕಟಪ್ಪನವರು ಬಾಗಿಲಿಗೆ ಬಂದು, ನನ್ನನ್ನು ನೋಡಿ, ತಿರುಗಿ ಒಳಗೆ ಹೋದರು. ನಕ್ಕಿದ್ದರೆ ವಾಸಿಯಿತ್ತು.

ಗಿಟಾರನ್ನು ಅಂಗಡಿಯ ಬೆಂಚಿನ ಮೇಲೆ ಹಾಗೇ ಬಿಟ್ಟು, ಬಾಕಿ ಉಳಿದ ಪಂಪುಗಳ ಕೆಲಸಕ್ಕೆ ಕೂತೆ. ಛತ್ರದಲ್ಲೇ ಮಾಡಿಕೊಳ್ಳೋಣ ಎಂದು ಹೇಳಿ ಕಳಿಸುವುದೊಂದೇ ದಾರಿ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅಮ್ಮ ಧೂಳು ಹೊಡೆಯಲು ಬಂದವಳು ಬೆಂಚು ಒರೆಸಿದಳು, ಗಿಟಾರನ್ನೂ ಒರೆಸಿದಳು. ಒರೆಸುತ್ತಾ ಬೆರಳ ಗೆಣ್ಣಿನಿಂದ ಅದರ ಮೈ ಮೇಲೆ ಕುಟ್ಟಿ ನೋಡಿದಳು. ನಮ್ಮ ಊರಿನ ಹೆಂಗಸರಿಗೆ ಅದು ಅಭ್ಯಾಸ. ಗೋಡೆಯಲ್ಲಿ ಇಲಿ ಬಿಲ ಎಲ್ಲಿದೆ, ಅಟ್ಟದ ತೊಲೆಯನ್ನು ಗೆದ್ದಲು ತಿಂದಿದೆಯೇ ಎಂದು ಕುಟ್ಟಿಯೇ ಹೇಳುತ್ತಾರೆ. ಗಟ್ಟಿ ಇದ್ದರೆ ಟಕ್ಕೆನ್ನುತ್ತದೆ, ಒಳಗೆ ಖಾಲಿ ಇದ್ದರೆ ಸದ್ದಿಲ್ಲ. ಅಂಚಿನಲ್ಲಿ ಟಕ್ ಟಕ್ ಎಂದಿತು. ನಡುವಿನ ತಗಡಿನ ಪಕ್ಕಕ್ಕೆ ಬಂದಾಗ ಅವಳ ಬೆರಳು ಬಡಿದದ್ದು ಕಂಡಿತು, ಕೇಳಿಸಲಿಲ್ಲ.

"ಇಲ್ಲಿ ಬಿಲ ಐತಲ್ಲೇ," ಅಂದಳು ಅಮ್ಮ.

ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ. ತಗಡು ಬಿಚ್ಚಿದೆ. ಆಚಾರ್ರು ಸುರುಳಿಗೂ ವೈರಿಗೂ ಜಾಗ ಬೇಕೆಂದು, ಧಾರಾಳವಾಗಿ, ಒಂದು ಸಣ್ಣ ಡಬ್ಬಿಯಷ್ಟು ಗುಳಿ ತೋಡಿದ್ದರು. ಆ ಗುಳಿಯನ್ನು ನಾನೂ ನೋಡಿದ್ದೆ, ವೈರು ಸಲೀಸಾಗಿ ಹೋಗುತ್ತದೆ ಎಂದು ಖುಷಿಯನ್ನೂ ಪಟ್ಟಿದ್ದೆ. ಹೊಟ್ಟೆಯಿಲ್ಲದ ಗಿಟಾರು ಎಂದು ಹೇಳಿಕೊಂಡು ನಾವಿಬ್ಬರೂ ಸೇರಿ ಅದಕ್ಕೊಂದು ಹೊಟ್ಟೆ ಇಟ್ಟಿದ್ದೆವು.

ಅಮ್ಮನೇ ಒಲೆ ಹಚ್ಚಿದಳು. ಮೇಣ, ಅರಗು, ಗರಗಸದ ಹುಡಿ ಕಲಸಿ ಕುದಿಸಿದೆವು. ಸುರುಳಿಯನ್ನೂ ವೈರನ್ನೂ ಜಾಗದಲ್ಲಿ ಕೂರಿಸಿ, ಗುಳಿಯ ಸಂದುಗೊಂದಿಗೂ ಇಳಿಯುವಂತೆ ಸೌಟಿನಿಂದ ಹೊಯ್ದೆವು. ಇನ್ನು ಒಳಗೆ ಏನಾದರೂ ಕೆಟ್ಟರೆ ಬಿಚ್ಚಲು ಬರುವುದಿಲ್ಲ, ಅದು ಗೊತ್ತಿದ್ದೇ ಹೊಯ್ದೆ. ಆರುವವರೆಗೆ ಅಮ್ಮ ಬೀಸಣಿಗೆ ಬೀಸಿದಳು. ಆಮೇಲೆ ಉದ್ದಕ್ಕೂ ಕುಟ್ಟಿದಳು. ಟಕ್, ಟಕ್, ಟಕ್.

"ಈಗ ಬಾರಿಸು," ಅಂದಳು.

ಮೀಟಿದೆ. ಹಲಗೆ ಸ್ಪೀಕರಿನಿಂದ ಬಂದ ಸ್ವರ ಅಂಗಡಿಯನ್ನು ತುಂಬಿ ಬೀದಿಗೆ ಹರಿಯಿತು. ಎದುರು ಮನೆಯ ಹೆಂಗಸು ರುಬ್ಬುತ್ತಿದ್ದ ಕೈ ತೊಳೆಯದೆ ಹೊರಗೆ ಬಂದಳು. ಸೈಕಲ್ಲಿನವನೊಬ್ಬ ಕಾಲು ಊರಿ ನಿಂತ. ತಂತಿಯ ಮೇಲೆ ಅಂಗೈ ಇಟ್ಟೆ, ಸ್ವರ ನಿಂತಿತು. ತೆಗೆದು ಮತ್ತೆ ಮೀಟಿದೆ. ನನ್ನ ಕೈ ಹೇಳಿದಂತೆ ಹುಟ್ಟುವ, ನನ್ನ ಕೈ ಹೇಳಿದಂತೆ ನಿಲ್ಲುವ ಒಂದು ಸದ್ದು ನನ್ನ ಊರಿನಲ್ಲಿ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟಳು. ಮೌನೇಶಾಚಾರ್ರು ಉಳಿ ಕೈಯಲ್ಲೇ ಓಡಿ ಬಂದವರು, ನಡೆದದ್ದನ್ನು ಕೇಳಿ, "ಗುಳಿ ತೋಡಿದ್ದು ನನ್ನ ಕೈ," ಎಂದು ಹಣೆ ಬಡಿದುಕೊಂಡು, ಇನ್ನೊಂದು ಸಲ ಮೀಟು ಎಂದು ಎದುರಿಗೆ ಕೂತರು.

ಸುದ್ದಿ ಮುಟ್ಟಿದ ಮೇಲೆ ಮುನಿವೆಂಕಟಪ್ಪನವರು ಸೇತುವೆ ದಾಟಿ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಜರಿ ವಲ್ಲಿ. ಬೀದಿಯಲ್ಲಿ ಯಾರ ಮುಖವನ್ನೂ ನೋಡದೆ ನೇರ ಅಂಗಡಿಗೆ ಬಂದು, ನಾನು ತಳ್ಳಿದ ಸ್ಟೂಲಿನ ಮೇಲೆ ಕೂತರು. ಮೀಟಿ ತೋರಿಸಿದೆ.

"ಸದ್ದು ಬಂತು," ಅಂದರು. "ಸಂಗೀತ ಬರಲಿಲ್ಲ. ಗಟ್ಟಿಮೇಳ ಯಾರು ನುಡಿಸ್ತಾರೆ?"

ಆ ಯೋಚನೆ ನನಗೆ ಬಂದೇ ಇರಲಿಲ್ಲ. ಆರ್ಕೆಸ್ಟ್ರಾದವನು ದೂರದ ಊರುಗಳಿಗೆ ಹೋಗಿಯಾಗಿತ್ತು. ನಮ್ಮಲ್ಲಿ ಯಾರಿಗೂ ಯಾವ ವಾದ್ಯವೂ ಬಾರದು, ಹೇಗೆ ಬಂದೀತು.

"ಮಾಡಿದೋಳು ನೀನು, ನುಡಿಸೋಳೂ ನೀನೇ," ಅಂದರು.

"ತಾಳಿ ಕಟ್ಟಿಸಿಕೊಳ್ಳೋದು ನಾನಲ್ವಾ?"

"ತಾಳಿ ಕಟ್ಟೋದು ಕೊರಳಿಗೆ. ಕೈ ಖಾಲಿ ಇರತ್ತೆ."

ಅವತ್ತಿನಿಂದ ಅವರು ಸಂಜೆಯ ಹೊತ್ತು ಬರತೊಡಗಿದರು. ಗಟ್ಟಿಮೇಳದ ಸ್ವರವನ್ನು ಬಾಯಲ್ಲಿ ಹಾಡುವರು, ನಾನು ತಂತಿಯ ಮೇಲೆ ಹುಡುಕಬೇಕು. ಮೊದಮೊದಲು ಅವರು ಕಣ್ಣು ಮುಚ್ಚಿ, ಹಲ್ಲು ನೋವು ಬಂದವರ ಹಾಗೆ ಮುಖ ಮಾಡುತ್ತಿದ್ದರು. "ಮೆಟ್ಟಿಲ ಮೇಲೆ ಬೆರಳಿಟ್ಟು ನಿಂತ್ರೆ ಆಯ್ತೇ? ಸ್ವರ ನಿಂತಲ್ಲಿ ನಿಲ್ಲೋದಿಲ್ಲ. ಎಳಿ. ಇನ್ನೂ ಎಳಿ. ತಂತಿ ಕಿತ್ತೋದ್ರೆ ಹೋಗ್ಲಿ." ಎಳೆದೆ. ಕಿತ್ತುಹೋಯಿತು. ಬೇರೆ ಹಾಕಿ ಮತ್ತೆ ಎಳೆದೆ. ನನ್ನ ಎಡಗೈ ಬೆರಳ ತುದಿಗಳು ಬೊಬ್ಬೆ ಬಂದು, ಒಡೆದು, ಗಟ್ಟಿಯಾದವು. ಒಂದು ಸಂಜೆ ಎಳೆದ ಸ್ವರ ಮೇಲಕ್ಕೆ ಜಾರಿ, ಅಲ್ಲೊಂದು ಸಣ್ಣ ನಡುಕ ಕೊಟ್ಟು, ತಾನೇ ಕೆಳಗಿಳಿಯಿತು. ಅವರು ಕಣ್ಣು ತೆರೆದರು. "ಹೂಂ," ಅಂದರು. ಆಮೇಲೆ ಅಮ್ಮನನ್ನು ಕರೆದು, "ತಟ್ಟೆ ತಗೊಂಡು ಬನ್ನಿ, ಎಲೆ ಅಡಿಕೆ ಬದಲಾಯಿಸೋಣ," ಅಂದರು.

ಚಾವಡಿಯ ಮುಂದೆ ಚಪ್ಪರ ಹಾಕಿದರು. ಚಪ್ಪರ ಹಾಕಿ ಗೊತ್ತಿದ್ದವರು ಊರಲ್ಲಿ ಒಬ್ಬರೂ ಇರಲಿಲ್ಲ, ಮೌನೇಶಾಚಾರ್ರು ಅಂದಾಜಿನ ಮೇಲೆ ಕಂಬ ನೆಟ್ಟರು. ಅದು ಒಂದು ಕಡೆ ವಾಲಿತ್ತು, ಯಾರೂ ಸರಿಪಡಿಸಲಿಲ್ಲ. ಬೆಳಿಗ್ಗೆಯಿಂದಲೇ ಜನ ಬರತೊಡಗಿದರು. ನಡೆಯಲು ಆಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ನಮ್ಮಜ್ಜಿಯನ್ನು ಮಂಚದ ಸಮೇತ ತಂದು ಹಸೆಮಣೆಯ ಎದುರಿಗೇ ಇಳಿಸಿದರು. ಹೊಳೆಯಾಚೆಯ ಬೀಗರು ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರಲ್ಲಿ ಕೆಲವರು ಕಣ್ಣಲ್ಲೇ ನಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವರ ನಡುವೆ, ಮಾತು ಕೊಟ್ಟಂತೆ, ಮುನಿವೆಂಕಟಪ್ಪನವರು.

ಧಾರೆಯಾಯಿತು. ನಾನು ಹಸೆಮಣೆಯ ಮೇಲೆ ಕೂತು ಗಿಟಾರನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ. ಮಲ್ಲಿಗೆಯ ಹಾರ ತಂತಿಗೆ ತಾಕುತ್ತಿತ್ತು. ಅಕ್ಕ ಹಿಂದಿನಿಂದ ಬಂದು ಅದನ್ನು ಎತ್ತಿ ನನ್ನ ಹೆಗಲ ಹಿಂದಕ್ಕೆ ಹಾಕಿದಳು. ಮದುಮಗಳು ತಲೆ ತಗ್ಗಿಸಿರಬೇಕು, ನಾನು ಕತ್ತು ನೀಳ ಮಾಡಿ ಪುರೋಹಿತರ ಬೆರಳನ್ನೇ ನೋಡುತ್ತಿದ್ದೆ. ಯತಿರಾಜ ತಾಳಿ ಹಿಡಿದು ಎದುರು ನಿಂತರು.

ಪುರೋಹಿತರು ಬೆರಳೆತ್ತಿದರು. "ಗಟ್ಟಿಮೇಳ, ಗಟ್ಟಿಮೇಳ," ಅಂದರು. ಅವರಿಗೂ ಆ ಮಾತನ್ನು ಈ ಊರಲ್ಲಿ ಆಡಿ ಗೊತ್ತಿರಲಿಲ್ಲ.

ಮೀಟಿದೆ. ಯತಿರಾಜ ಚಪ್ಪರದ ಪ್ರತಿ ಕಂಬಕ್ಕೂ ಹಲಗೆ ಸ್ಪೀಕರ್ ಕಟ್ಟಿದ್ದರು. ಸ್ವರ ಎಲ್ಲ ಕಡೆಯಿಂದಲೂ ಒಟ್ಟಿಗೆ ಎದ್ದಿತು. ಎಳೆದೆ, ಜಾರಿಸಿದೆ, ನಡುಗಿಸಿದೆ. ಮುಂದಿನ ಸಾಲಿನ ನಗು ಅಳಿಸಿಹೋಯಿತು. ಡೋಲು ಇರಲಿಲ್ಲ. ಅದರ ಜಾಗ ಖಾಲಿ ಉಳಿದದ್ದು ನನ್ನ ಕಿವಿಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ಮುನಿವೆಂಕಟಪ್ಪನವರು ವಲ್ಲಿ ಕೊಡವಿ ಎದ್ದು ನಿಂತು, ಎರಡೂ ಕೈ ಎತ್ತಿ ತಾಳ ಹಾಕತೊಡಗಿದರು. ಅವರ ಹಿಂದೆ ಒಬ್ಬರು, ಇನ್ನೊಬ್ಬರು, ಆಮೇಲೆ ಚಪ್ಪರವೆಲ್ಲ. ಚಪ್ಪಾಳೆ ತಟ್ಟುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ, ನಮಗೆ ಇದ್ದದ್ದು ಅದೊಂದೇ. ಯಾರೋ ಸೀನಿದರು, ಯಾವುದೋ ಮಗು ಅತ್ತಿತು, ಬಾಯಿ ತೆರೆದದ್ದಷ್ಟೇ ಕಂಡಿತು. ಕೊರಳ ಹಿಂದೆ ಯತಿರಾಜರ ಬೆರಳು ಒಂದೊಂದೇ ಗಂಟು ಬಿಗಿಯುವುದು ಗೊತ್ತಾಗುತ್ತಿತ್ತು. ಮೂರನೆಯದು ಬಿಗಿದರು. ಅಕ್ಷತೆ ಮಳೆಯ ಹಾಗೆ ತಂತಿಯ ಮೇಲೆ ಬಿದ್ದು, ಪ್ರತಿ ಕಾಳೂ ಸ್ಪೀಕರಿನಲ್ಲಿ ಕಿಣಿ ಕಿಣಿ ಎಂದಿತು. ಅಜ್ಜಿ ಮಂಚದ ಮೇಲೆ ಎದ್ದು ಕೂತು, ತನ್ನ ಪಾಲಿನ ಅಕ್ಷತೆಯನ್ನು ಎಸೆಯುವುದನ್ನೂ ಮರೆತು ಮುಷ್ಟಿಯಲ್ಲೇ ಹಿಡಿದಿದ್ದಳು.

ಶಾಸ್ತ್ರಕ್ಕೆ ಅಲ್ಲಿಗೆ ಗಟ್ಟಿಮೇಳ ನಿಲ್ಲಬೇಕು. ನಾನು ನಿಲ್ಲಿಸಲು ಹೋದಾಗಲೆಲ್ಲ ಹಿಂದಿನಿಂದ "ಇನ್ನೊಂದ್ಸಲ, ಇನ್ನೊಂದ್ಸಲ" ಎಂಬ ಕೂಗು. ಬೆರಳು ಸೋಲುವವರೆಗೆ ನುಡಿಸಿದೆ. ಊಟದ ಎಲೆಗಳು ಕಾಯುತ್ತಿದ್ದವು, ಅಡುಗೆಯವರೂ ಬಂದು ಕೇಳುತ್ತಾ ನಿಂತಿದ್ದರು.

ಕಡೆಗೆ ನಿಲ್ಲಿಸಿ, ಇಬ್ಬರೂ ಮಾವನವರ ಕಾಲಿಗೆ ನಮಸ್ಕಾರ ಮಾಡಿದೆವು. ಅವರು ಅಕ್ಷತೆ ಹಾಕಿ, ಬಗ್ಗಿ, ಹಸೆಮಣೆಯ ಮೇಲಿದ್ದ ಗಿಟಾರನ್ನು ಎತ್ತಿಕೊಂಡರು. ನಾದಸ್ವರದ ರಂಧ್ರಗಳಿಗೆ ಒಗ್ಗಿದ ತಮ್ಮ ದಪ್ಪ ಬೆರಳುಗಳನ್ನು ಕತ್ತಿನ ಮೇಲೆ ಇಟ್ಟು ನೋಡಿದರು. ಒಂದು ಬೆರಳಿಗೆ ಎರಡು ತಂತಿ ಸಿಕ್ಕಿಕೊಂಡಿತು. ಒಮ್ಮೆ ಮೀಟಿದರು. ಇಡೀ ಚಪ್ಪರ ತಿರುಗಿ ಅವರತ್ತ ನೋಡಿತು. ಈ ಊರಿನಲ್ಲಿ ಅವರ ಕೈಯಿಂದ ಹುಟ್ಟಿದ ಮೊದಲ ಸ್ವರ ಅದು. ಅದು ಪೂರ್ತಿ ಆರುವವರೆಗೆ ಅವರು ಅಲುಗಲಿಲ್ಲ.

"ನನಗೆ ಈ ಕತ್ತು ಸಣ್ಣದು," ಅಂದರು ಆಮೇಲೆ. "ಅಗಲ ಇಟ್ಟು ಇನ್ನೊಂದು ಮಾಡ್ಕೊಡಮ್ಮ."

"ಕೈ ಕೊಡಿ ಮಾವ," ಅಂದೆ. ಧಾರೆಯ ಸೀರೆಯಲ್ಲೇ ಅವರ ಅಂಗೈಯನ್ನು ನನ್ನ ಅಂಗೈಯ ಮೇಲೆ ಬಿಡಿಸಿಟ್ಟು, ಹೆಬ್ಬೆರಳಿನಿಂದ ಕಿರುಬೆರಳವರೆಗೆ ಅಳತೆ ತೆಗೆದುಕೊಳ್ಳತೊಡಗಿದೆ.